ನೆಲಮಾಳಿಗೆಯ ಬ್ಯಾಂಡಿಗೆ ನನ್ನ ಕಂಠ

ಸಂಗೀತದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಒಪ್ಪಿಕೊಂಡುಬಿಡುತ್ತೇನೆ. ಮದುವೆಗೆ ಮುಂಚೆ ಮೂರು ವರ್ಷ ಹಾರ್ಮೋನಿಯಂ ಮುಂದೆ ಕೂತು ಕಲಿತವಳು. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮಹಿಳಾ ಸಂಘದಲ್ಲಿ ಪ್ರಾರ್ಥನೆಗೆ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಇದ್ದ ಇನ್ನೊಬ್ಬರು ನನ್ನ ಶ್ರುತಿಗೆ ಹೆದರಿ ಬರುವುದನ್ನೇ ಬಿಟ್ಟರು. ಇಂಥ ನನ್ನ ಮನೆಯ ನೆಲಮಾಳಿಗೆಯಲ್ಲೇ ಮಗಳು ಕಾವ್ಯ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು 'ಅಂಡರ್‌ಗ್ರೌಂಡ್ ಬ್ಯಾಂಡ್' ಶುರುಮಾಡಿದಳು. ನೆಲದ ಕೆಳಗೆ ಬಾರಿಸುವುದರಿಂದ ಆ ಹೆಸರು ಅಂತಲೇ ನಾನು ಬಹಳ ದಿನ ನಂಬಿದ್ದೆ; ಸಿನಿಮಾ, ಟೀವಿಯ ಹಂಗಿಲ್ಲದ ಸಂಗೀತಕ್ಕೆ ಹಾಗನ್ನುತ್ತಾರಂತೆ. ಒಬ್ಬಳದು ಡೊಳ್ಳು, ಇನ್ನೊಬ್ಬಳದು ಮಂಡಿಪೇಟೆಯಿಂದ ತಂದ ಎಣ್ಣೆ ಡಬ್ಬ, ನಮ್ಮವಳದು ಕೆಟ್ಟ ರೇಡಿಯೋದ ಗೊರಗೊರ. ಜಾನಪದಕ್ಕೆ ಗದ್ದಲ ಬೆರೆಸುವ ಪ್ರಯೋಗವಂತೆ. ಹಾಡುವವರು ಬೇಕಾಗಿದ್ದಾರೆಂದು ಗೊತ್ತಾದಾಗ ನಾನು ಗಂಟಲು ಸರಿಮಾಡಿಕೊಳ್ಳುತ್ತ ಎರಡು ದಿನ ಮೆಟ್ಟಿಲ ಹತ್ತಿರವೇ ಸುಳಿದಾಡಿದೆ. ಕರೆದದ್ದು ನಮ್ಮತ್ತೆಯನ್ನು!

ಅತ್ತೆ ನಂದಿಗುಡಿಯವರು, ಬೀಸುವ ಪದ ಬೇಕಾದಷ್ಟು ಬಲ್ಲವರು. "ಆ ಗದ್ದಲದಾಗೆ ಹೆಂಗೆ ಹಾಡ್ತೀರಿ ಅತ್ತೆ?" ಅಂದೆ. "ಬೀಸೋ ಕಲ್ಲೇನು ಸುಮ್ನಿರ್ತಿತ್ತೇನವ್ವ?" ಅಂದರು. ನಾನು ದಿನಾ ಮೆಟ್ಟಿಲ ಮೇಲೆ ನಿಂತು, "ಸಾಕು ನಿಲ್ಲಿಸ್ರೇ! ಕುಕ್ಕರ್ ಕೂಗಿದ್ದೂ ಕೇಳವಲ್ದು!" ಎಂದು ಕಿರುಚುತ್ತಿದ್ದೆ. ಒಂದು ದಿನ ಕಾವ್ಯ ಮೇಲೆ ಬಂದು, "ಅಮ್ಮ, ಭಾನುವಾರ ಮಧ್ಯಾಹ್ನ ಹರಿಹರದಾಗೆ ಪ್ರೋಗ್ರಾಂ ಐತೆ. ನೀನೂ ಬೇಕು" ಅಂದಳು.

"ಹಾಡೋಕಾ?"

"ಬಯ್ಯೋಕೆ. ನಿನ್ನ ದನಿ ನಮ್ಮ ಡಬ್ಬಕ್ಕೆ ಭಾಳ ಹೊಂದ್ತೈತೆ."

ಸಿಟ್ಟು ಬಂತು. ಆದರೂ ರೇಷ್ಮೆ ಸೀರೆ ಉಟ್ಟೆ.

ಹರಿಹರದ ಆ ಸಭಾಂಗಣದಲ್ಲಿ ಮೈಕ್ ಹಿಡಿದದ್ದೇ ತಡ, ಮನೆಯಲ್ಲಿ ಧಾರಾಳವಾಗಿ ಬರುವ ಬೈಗುಳ ಒಂದೂ ನೆನಪಾಗಲಿಲ್ಲ. "ಎಲ್ಲಾರೂ ಕೂಡ್ರಿ" ಅಂದೆ. ಎಲ್ಲರೂ ಕೂತೇ ಇದ್ದರು. ಕಾವ್ಯಳ ಮುಖ ಸಣ್ಣದಾಯಿತು. ಆಗ ಅತ್ತೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಬರೋವಾಗ ಗ್ಯಾಸ್ ಆಫ್ ಮಾಡಿದ್ಯೇನವ್ವ? ಹತ್ಕೊಂಡೇ ಇದ್ದಂಗಿತ್ತು."

"ಅದನ್ನ ಈಗ ಹೇಳ್ತೀರೇನ್ರಿ?" ಎಂದು ಮೈಕಿನಲ್ಲೇ ಸಿಡಿದೆ. ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ. ಸಾರಿನ ಹುಳಿಯಿಂದ ಹಿಡಿದು ನನ್ನ ಸೀಮಂತದಲ್ಲಿ ನಡೆದದ್ದರವರೆಗೆ, ಇಪ್ಪತ್ತೆರಡು ವರ್ಷ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಡೊಳ್ಳಿಗೆ ಪೆಟ್ಟು ಬಿತ್ತು, ಡಬ್ಬ ಬಡಿದುಕೊಂಡಿತು, ಅತ್ತೆ ಕಣ್ಣು ಮುಚ್ಚಿಕೊಂಡು ನಡುನಡುವೆ ಬೀಸುವ ಪದ ಎತ್ತಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ದಾವಣಗೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ನಾನು ಅತ್ತೆಯ ಪಕ್ಕ ತಲೆತಗ್ಗಿಸಿ ಕೂತಿದ್ದೆ. "ಗ್ಯಾಸ್ ನಾನೇ ಆಫ್ ಮಾಡಿದ್ದೆ ಬಿಡು" ಅಂದರು ಅವರು, ಕಿಟಕಿಯ ಕಡೆ ನೋಡುತ್ತ. ನನಗೆ ಅಳು ಬಂದಂತಾಯಿತು. ತಪ್ಪಾಯಿತು ಎನ್ನಬೇಕೆಂದು ಅವರ ಕೈ ಹಿಡಿದುಕೊಂಡೆ. ಬಾಯಿಂದ ಬಂದದ್ದು ಮಾತ್ರ ಬೇರೆ:

"ಹಿಂದಿನ ಸಾಲಿನೋರಿಗೂ ಕೇಳಿಸ್ತಾ ಅತ್ತೆ?"