ಇಬ್ಬರ ಟೆಂಟಿನಲ್ಲಿ ಒಬ್ಬಳು

ಶಿಸ್ತಿನಿಂದ ಬದುಕುವವರಿಗೇ ಎಡವಟ್ಟುಗಳು ಹೆಚ್ಚು ಆಗುತ್ತವೆ ಎಂಬುದು ನನ್ನ ಅನುಭವ. ಶಿಸ್ತಿಲ್ಲದವರಿಗೂ ಆಗುತ್ತವೆ, ಆದರೆ ಆಗಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ನಾನು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಖಾಸಗಿ ಆಸ್ಪತ್ರೆಯ ಮೇಟ್ರನ್. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಬೆನ್ನು ನೆಟ್ಟಗೆ, ಅಕ್ಷರ ದುಂಡಗೆ, ಮಾತು ಸತ್ಯ, ಈ ಮೂರನ್ನು ಅಲ್ಲಿನ ಸಿಸ್ಟರ್‌ಗಳು ನಮಗೆ ಕಲಿಸಿದರು. ಅದನ್ನೇ ನಾನು ನನ್ನ ನರ್ಸ್‌ಗಳಿಗೆ ಕಲಿಸಿದ್ದೇನೆ. ನಮ್ಮ ವಾರ್ಡಿನಲ್ಲಿ ಯಾರು ತಪ್ಪು ಮಾಡಿದರೂ ಅದೇ ದಿನ, ತಮ್ಮ ಕೈಯಾರೆ, ಒಂದು ಫಾರ್ಮಿನಲ್ಲಿ ಬರೆದು ಕೊಡಬೇಕು. ಏನಾಯಿತು, ಯಾರಿಗೆ ತೊಂದರೆಯಾಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ. 'ಮುಂದಿನ ಸಲ ಜಾಗ್ರತೆ ವಹಿಸುತ್ತೇನೆ' ಎಂದು ಬರೆದರೆ ನಾನು ಒಪ್ಪುವುದಿಲ್ಲ, ದಿನಾಂಕ ಕೇಳುತ್ತೇನೆ. ಗೆರೆಯ ಹೊರಗೆ ಬರೆದರೆ ಫಾರ್ಮ್ ವಾಪಸ್.

ಆ ಫಾರ್ಮಿನ ವಿಷಯ ನೆನಪಿನಲ್ಲಿರಲಿ.

ಇಬ್ಬರಿಗೆ ಎಂದರೆ

ನಿವೃತ್ತಿಗೆ ಎರಡು ತಿಂಗಳಿರುವಾಗ ಆಸ್ಪತ್ರೆಯ ಮಾಲೀಕರು ನನಗೊಂದು ಉಡುಗೊರೆ ಕೊಟ್ಟರು. ಅವರು ಒಮಾನಿ, ಹಿರಿಯರು. ಅವರ ತಾಯಿಯ ಕೊನೆಯ ವರ್ಷ ನಾನು ನೋಡಿಕೊಂಡಿದ್ದೆ. ಬೋಟ್ಸ್ವಾನಾ ದೇಶದಲ್ಲಿ, ನದಿಯ ನೆರೆ ಬಂದು ಹರಡುವ ಬಯಲಿನ ನಡುವೆ, ಒಂದು ದುಬಾರಿ ಸಫಾರಿ ಕ್ಯಾಂಪಿನಲ್ಲಿ ಐದು ದಿನದ ವಾಸ. ಲಕೋಟೆಯ ಮೇಲೆ ಬರೆದಿತ್ತು: ಇಬ್ಬರಿಗೆ. ಎಲ್ಲರಿಗೂ ಎರಡನೆಯವರೊಬ್ಬರು ಇರುತ್ತಾರೆ ಎಂದು ಆ ಸಜ್ಜನರು ತಿಳಿದಿದ್ದರು.

ಚಹಾ ಕುಡಿಯುವಾಗ ಉಡುಪಿಯ ಸ್ಟಾಫ್ ನರ್ಸ್, ನನ್ನ ಕೈಕೆಳಗೆ ಅತಿ ಹೆಚ್ಚು ಫಾರ್ಮ್ ಬರೆದವಳು, ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದಳು. ಇಡೀ ವಾರ್ಡು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿತು. ಫಿಲಿಪ್ಪೀನ್ಸ್‌ನ ಒಬ್ಬಳು ಎರಡೂ ಕೈ ಎತ್ತಿ ನಿಂತಳು. ಅವಳ ಕೈ ಇಳಿಸಲಿಕ್ಕಾಗಿ ಹೇಳಿಬಿಟ್ಟೆ: ಮಂಗಳೂರಿನಿಂದ ನನ್ನ ಚಿಕ್ಕಮ್ಮನ ಮಗಳು ಬರುತ್ತಾಳೆ.

ಅವಳು ನನಗಿಂತ ಎರಡು ತಿಂಗಳು ಚಿಕ್ಕವಳು. ಕಾನ್ವೆಂಟಿನಲ್ಲಿ ಹತ್ತು ವರ್ಷ ಒಂದೇ ಬೆಂಚು. ಆಮೇಲೆ ಅವಳಿಗೆ ಸಂಸಾರ, ನನಗೆ ವಾರ್ಡು. ಈಗ ದೀಪಾವಳಿಗೆ ಅವಳೊಂದು ದೀಪದ ಚಿತ್ರ ಕಳಿಸುತ್ತಾಳೆ, ನಾನೊಂದು ದೀಪದ ಚಿತ್ರ ಕಳಿಸುತ್ತೇನೆ. ಆ ಸಂಜೆ ಅಜೈಬಾದ ನನ್ನ ಫ್ಲಾಟಿನಲ್ಲಿ ಕೂತು, 'ನನ್ನ ಜೊತೆ ಬರುತ್ತೀಯಾ' ಎಂದು ಬರೆದು ಕಳಿಸಿದೆ. ಓದಿಕೊಂಡಾಗ ಭಿಕ್ಷೆ ಬೇಡಿದಂತೆ ಕಂಡಿತು. ಅವಳು ನೋಡುವ ಮೊದಲೇ ಅಳಿಸಿದೆ. ಬೇರೆ ಮಾತಿನಲ್ಲಿ ಬರೆದು ಕಳಿಸಿದೆ, ಅಳಿಸಿದೆ. ಮೂರನೆಯ ಸಲವೂ ಹಾಗೆಯೇ. ಮೂವತ್ತು ವರ್ಷದಲ್ಲಿ ನಾನು ಯಾರನ್ನಾದರೂ ಏನಾದರೂ ಕೇಳಿದ್ದರೆ, ಅದು ಬೆಡ್‌ಪ್ಯಾನ್ ತೊಳೆದಾಯಿತೇ ಎಂದು ಮಾತ್ರ.

ಅರ್ಧ ಸ್ವಾಗತ

ಕ್ಯಾಂಪಿಗೆ ರಸ್ತೆಯಿಲ್ಲ. ಆಟೋರಿಕ್ಷಾದಷ್ಟು ಸದ್ದು ಮಾಡುವ ಪುಟ್ಟ ವಿಮಾನದಲ್ಲಿ ಹೋಗಬೇಕು. ಹತ್ತುವ ಮೊದಲು ನಮ್ಮನ್ನು ಚೀಲದ ಸಮೇತ ತೂಗುತ್ತಾರೆ. ಜೀವಮಾನವಿಡೀ ರೋಗಿಗಳನ್ನು ತೂಗಿದ ನಾನು ಅಂಕಿಯನ್ನು ಇಷ್ಟು ಜೋರಾಗಿ ಓದುವ ಅಗತ್ಯವಿಲ್ಲ ಎಂದು ತೂಗುವವನಿಗೆ ತಿಳಿಸಿದೆ.

ಕೆಳಗೆ ನೋಡಿದರೆ ನೀರು, ಹುಲ್ಲು, ಮತ್ತೆ ನೀರು. ಜೀಪೊಂದು ಓಡಿ ಜಿಂಕೆಗಳನ್ನು ಅಟ್ಟಿದ ಮೇಲೆ ಮಣ್ಣಿನ ಪಟ್ಟಿಯ ಮೇಲೆ ಇಳಿದೆವು. ಕ್ಯಾಂಪಿನವರು ಸಾಲಾಗಿ ನಿಂತು ಅವರ ಭಾಷೆಯಲ್ಲಿ ಸ್ವಾಗತದ ಹಾಡು ಹಾಡುತ್ತಿದ್ದರು. ತಟ್ಟೆಯಲ್ಲಿ ಎರಡು ಒದ್ದೆ ಟವೆಲು, ಎರಡು ಲೋಟ ಶರಬತ್ತು. ಮ್ಯಾನೇಜರ್ ನನ್ನ ಹಿಂದೆ ಬಾಗಿ ನೋಡಿ, ತಂಗಿಯವರು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕತಂಗಿಯರಿಬ್ಬರ ಫೋಟೋ ತೆಗೆದು ಕಳಿಸಿ ಎಂದು ನಿಮ್ಮ ಆಸ್ಪತ್ರೆಯ ನರ್ಸ್‌ಗಳು ಪತ್ರ ಬರೆದಿದ್ದಾರೆ ಎಂದೂ ಹೇಳಿದ.

ಅಲ್ಲಿ ಸತ್ಯ ಹೇಳಿದರೆ ಅದು ಮಸ್ಕತ್ತಿಗೆ ತಲುಪುತ್ತದೆ. ಮೇಟ್ರನ್ ಸುಳ್ಳು ಹೇಳಿದರು, ಅದೂ ಜೊತೆಗೆ ಯಾರೂ ಇಲ್ಲದ್ದಕ್ಕೆ ಸುಳ್ಳು ಹೇಳಿದರು ಎಂದಾಗುತ್ತದೆ. ಅವಳಿಗೆ ಜೊಹಾನ್ಸ್‌ಬರ್ಗಿನಲ್ಲಿ ವಿಮಾನ ತಪ್ಪಿತು, ನಾಳೆ ಬರುತ್ತಾಳೆ ಎಂದೆ.

ಮ್ಯಾನೇಜರ್ ಕೈ ಎತ್ತಿ ಹಾಡು ನಿಲ್ಲಿಸಿದ. ಉಳಿದರ್ಧ ಅವರು ಬಂದಾಗ ಹಾಡೋಣ ಎಂದು ತೀರ್ಮಾನವಾಯಿತು. ನಾನು ಅರ್ಧ ಸ್ವಾಗತದಲ್ಲೇ ಒಳಗೆ ಹೋದೆ.

ಯಾರೂ ಮಲಗದ ಹಾಸಿಗೆ

ಟೆಂಟು ಎಂದರೆ ಬಟ್ಟೆಯ ಗುಡಾರ ಅಂದುಕೊಂಡಿದ್ದೆ. ಮರದ ಅಟ್ಟದ ಮೇಲೆ ನನ್ನ ಫ್ಲಾಟಿಗಿಂತ ದೊಡ್ಡ ಮನೆ. ಎರಡು ಮಂಚ. ಬೆಳಿಗ್ಗೆ ಎದ್ದ ಕೂಡಲೇ, ಅಭ್ಯಾಸದಂತೆ, ನನ್ನ ಹಾಸಿಗೆಯನ್ನು ಆಸ್ಪತ್ರೆಯ ಕ್ರಮದಲ್ಲಿ ಬಿಗಿದು, ಮೂಲೆ ಮಡಿಸಿ ಹೋದೆ.

ಎರಡನೆಯ ದಿನ ತಿಂಡಿಯ ಹೊತ್ತಿಗೆ ಮ್ಯಾನೇಜರ್ ಬಹಳ ಮರ್ಯಾದೆಯಿಂದ ವಿಚಾರಿಸಿದ. ಮೇಡಮ್‌ಗೆ ಇಲ್ಲಿ ಭಯವಾಗುತ್ತಿದೆಯೇ, ಕುರ್ಚಿಯಲ್ಲಿ ಕೂತೇ ಬೆಳಗು ಮಾಡಿದಿರಂತೆ, ಎರಡು ಹಾಸಿಗೆಯಲ್ಲಿ ಒಂದನ್ನೂ ಮುಟ್ಟಿಲ್ಲವಂತೆ. ವರದಿ ಕೊಟ್ಟವಳು ಹೌಸ್‌ಕೀಪಿಂಗಿನ ಮುಖ್ಯಸ್ಥೆ. ನನ್ನದೇ ವಯಸ್ಸು, ಗಂಜಿ ಹಾಕಿದ ಏಪ್ರನ್, ಸೊಂಟಕ್ಕೆ ಬೀಗದ ಕೈ ಗೊಂಚಲು. ಅವಳು ನಡೆದುಬಂದರೆ ಕೆಲಸದವರೆಲ್ಲ ನೆಟ್ಟಗಾಗುತ್ತಿದ್ದರು. ಆ ನಡಿಗೆ ನನಗೆ ಗುರುತು ಸಿಕ್ಕಿತು.

ಮಲಗಿದ್ದೇನೆ, ಎದ್ದು ನಾನೇ ಹಾಸಿದ್ದೇನೆ ಎಂದೆ. ಅವಳು ನನ್ನನ್ನು ಟೆಂಟಿಗೆ ಕರೆದುಕೊಂಡು ಹೋಗಿ, ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ, ಚೆನ್ನಾಗಿದೆ ಎಂದಳು. ಆಮೇಲೆ ಇಡೀ ಹಾಸಿಗೆಯನ್ನು ನನ್ನ ಕಣ್ಣೆದುರೇ ಕಿತ್ತು ಮತ್ತೆ ಹಾಸಿದಳು. ಇಲ್ಲಿ ಹಾಸುವುದು ನನ್ನ ಕೆಲಸ ಎಂದಳು. ಸಿಸ್ಟರ್‌ಗಳು ಕಲಿಸಿದ ಸತ್ಯವನ್ನೇ ಹೇಳುತ್ತೇನೆ, ಅವಳ ಮೂಲೆ ನನ್ನದಕ್ಕಿಂತ ಬಿಗಿಯಾಗಿತ್ತು.

ಮರುದಿನದಿಂದ ಹೊರಡುವ ಮೊದಲು ಹಾಸಿಗೆಯನ್ನು ಬೇಕೆಂದೇ ಕೆದರಿಟ್ಟು ಹೋಗತೊಡಗಿದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಯಾವ ಡ್ಯೂಟಿಯಲ್ಲೂ ಮಾಡಿಲ್ಲ.

ನಾಳೆ ಬರುವವಳು

ಮಸ್ಕತ್ತಿನಲ್ಲಿ ಜೂನ್ ಎಂದರೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಕ್ಯಾಂಪಿನಲ್ಲಿ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿ. ಜೀಪಿನ ಪ್ರತಿ ಸೀಟಿನಲ್ಲೂ ಕಂಬಳಿ ಹೊದಿಸಿದ ಬಿಸಿನೀರಿನ ಚೀಲ ಇಡುತ್ತಿದ್ದರು. ನನಗೊಂದು, ನನ್ನ ಪಕ್ಕದ ಖಾಲಿ ಸೀಟಿಗೊಂದು. ಅದು ಬೇಡ ಎಂದರೆ ಗೈಡ್ ಕೇಳಲಿಲ್ಲ. ದಾರಿಯಲ್ಲೇ ವಿಮಾನದ ಪಟ್ಟಿ ಸಿಗುತ್ತದೆ, ತಂಗಿಯವರು ಇಳಿದರೆ ಸೀಟು ತಣ್ಣಗಿರಬಾರದು ಎಂದ.

ಸುತ್ತಲೂ ನೀರು, ಮೇಲೆ ಒಂದು ಮೋಡವಿಲ್ಲ. ಎಲ್ಲೋ ಬೇರೆ ದೇಶದಲ್ಲಿ ತಿಂಗಳುಗಳ ಹಿಂದೆ ಬಿದ್ದ ಮಳೆ ಈಗ ಇಲ್ಲಿಗೆ ಬಂದು ಮುಟ್ಟುತ್ತದೆ ಎಂದು ಗೈಡ್ ವಿವರಿಸಿದ. ಆನೆಗಳ ಹಿಂಡು ನೀರು ದಾಟುತ್ತಿತ್ತು. ನೋಡು, ಆ ಮರಿ ಅಮ್ಮನ ಬಾಲ ಹಿಡಿದಿದೆ ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಬಿಸಿನೀರಿನ ಚೀಲವಿತ್ತು. ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ.

ಕೇಳಿದವರಿಗೆಲ್ಲ ದಿನವೂ 'ನಾಳೆ' ಎನ್ನುತ್ತಾ ಬಂದೆ. ನಾಲ್ಕನೆಯ ದಿನ ಮಧ್ಯಾಹ್ನ ವಿಮಾನದ ಸದ್ದು ಕೇಳಿ ಎಲ್ಲರೂ ಓಡಿದರು. ಇವತ್ತು ಖಂಡಿತ ನಿಮ್ಮ ತಂಗಿ ಎಂದು ನನ್ನನ್ನೂ ಜೀಪಿಗೆ ಹತ್ತಿಸಿದರು. ಟವೆಲು, ಶರಬತ್ತು ಸಿದ್ಧವಾಯಿತು, ಸಾಲು ನಿಂತಿತು. ವಿಮಾನದ ಬಾಗಿಲು ತೆರೆಯುತ್ತಿದ್ದಂತೆ ಗಟ್ಟಿಯಾಗಿ ಹಾಡತೊಡಗಿದರು. ಪೈಲಟ್ ಅಡುಗೆಮನೆಗೆಂದು ಬಂದ ಸರಕು ಇಳಿಸಿದ. ನನ್ನ ತಂಗಿಗೆಂದು ನಾಲ್ಕು ದಿನ ಕಾದಿರಿಸಿದ್ದ ಅರ್ಧ ಹಾಡು ಟೊಮೆಟೊ ಪೆಟ್ಟಿಗೆಗೆ ಸಂದಿತು.

ಎರಡನೆಯ ತಟ್ಟೆ

ಊಟದ ಮೇಜು ನೀರಿನ ಮೇಲಿನ ಜಗುಲಿಯಲ್ಲಿ. ದಿನವೂ ಎರಡು ತಟ್ಟೆ, ಎರಡು ನ್ಯಾಪ್ಕಿನ್. ಉಳಿದ ಮೇಜುಗಳಲ್ಲಿ ಜೋಡಿಗಳು ಮಾತಾಡುತ್ತಿದ್ದರು. ನೀರಾನೆಗಳು ಕೂಡ ಗುಂಪಿನಲ್ಲಿ ಗುಟುರು ಹಾಕುತ್ತಿದ್ದವು. ನಾನು ಬೆನ್ನು ನೆಟ್ಟಗೆ ಮಾಡಿ ಉಣ್ಣುತ್ತಿದ್ದೆ.

ಕೊನೆಯ ಸಂಜೆ, ಸೂರ್ಯ ಇನ್ನೂ ಹುಲ್ಲಿನ ಮೇಲಿದ್ದಾಗ, ಹೌಸ್‌ಕೀಪಿಂಗಿನವಳು ಬಂದು ನಿಂತಳು. ಈ ತಟ್ಟೆ ಇಡುವವಳು ನಾನು, ತೊಳೆಯದೆಯೇ ಒಳಗಿಡುವವಳೂ ನಾನು ಎಂದಳು. ಆಮೇಲೆ ಕೇಳಿದಳು:

"ಅವರು ಬರುತ್ತಾರಾ?"

"ಇಲ್ಲ."

"ಕರೆದಿದ್ದೀರಾ?"

"ಇಲ್ಲ."

ಅತಿಥಿಗಳ ಜೊತೆ ಕೂರಬಾರದು ಎಂಬುದು ಅಲ್ಲಿಯ ನಿಯಮ. ಅವಳು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕುರ್ಚಿ ಎಳೆದು ಕೂತಳು. ಗಂಜಿಯ ಹದ, ಈಗಿನ ಹುಡುಗಿಯರ ಉದಾಸೀನ, ದಿಂಬಿನ ಚೀಲದ ಬಾಯಿ ಬಾಗಿಲಿನ ಕಡೆಗೆ ಇರಬಾರದು ಎಂಬ ವಿಷಯ, ಎಲ್ಲ ಮಾತಾಡಿದೆವು. ಐದು ದಿನದಲ್ಲಿ ನಾನು ಪೂರ್ತಿ ಊಟ ಮಾಡಿದ್ದು ಅದೊಂದೇ.

ಮ್ಯಾನೇಜರ್ ಕ್ಯಾಮೆರಾ ಹಿಡಿದು ಬಂದವನು ನಿಂತ. ಅವಳನ್ನು ನೋಡಿದ, ನನ್ನನ್ನು ನೋಡಿದ. ಫೋಟೋ ತೆಗೆದು, ನಿಮ್ಮ ತಂಗಿ ಅಂತೂ ಬಂದದ್ದು ಸಂತೋಷ ಎಂದ. ಅವಳು ತಲೆ ಎತ್ತದೆ, ಸೂಪಿಗೆ ಉಪ್ಪು ಕಡಿಮೆ ಎಂದು ಅವನಿಗೆ ದೂರು ಕೊಟ್ಟಳು.

ಫಾರ್ಮ್

ಮಸ್ಕತ್ತಿಗೆ ಮರಳಿ ವಾರ್ಡಿಗೆ ಹೋದರೆ ನರ್ಸ್‌ಗಳ ಮೇಜಿನ ಮೇಲಿನ ಬೋರ್ಡಿನಲ್ಲಿ ಆ ಫೋಟೋ ಇತ್ತು. ಎಲ್ಲರೂ ತುಂಬ ಕೆಲಸವಿದ್ದವರಂತೆ ಓಡಾಡುತ್ತಿದ್ದರು. ಉಡುಪಿಯವಳು ಮಾತ್ರ ಫೋಟೋದ ಎದುರು ನಿಂತು, ನಿಮ್ಮ ತಂಗಿ ನೋಡಲು ಗಂಭೀರ, ಎದೆಯ ಮೇಲೆ ಕ್ಯಾಂಪಿನ ಹೆಸರಿನ ಬಿಲ್ಲೆ ಯಾಕೆ ಹಾಕಿಕೊಂಡಿದ್ದಾರೆ ಎಂದು ವಿನಯದಿಂದ ಕೇಳಿದಳು.

ಆಮೇಲೆ ಉಳಿದದ್ದು ಹೊರಬಂತು. ನಿಜವಾದ ತಂಗಿ ವಾರ್ಡಿಗೆ ಫೋನ್ ಮಾಡಿದ್ದಳು. ಅವಳ ಮೊಬೈಲಿನಲ್ಲಿ ಮೂರು ಸಲ 'ಸಂದೇಶ ಅಳಿಸಲಾಗಿದೆ' ಎಂದು ಬಂದಿತ್ತು. ಮೊದಲು ಕೈತಪ್ಪು ಎಂದುಕೊಂಡು ಸುಮ್ಮನಿದ್ದಳಂತೆ. ಕೈತಪ್ಪುವವಳಲ್ಲ ಇವಳು ಎಂದು ಹೊಳೆದು ನನಗೆ ಕರೆ ಮಾಡಿದರೆ ಕ್ಯಾಂಪಿನಲ್ಲಿ ಫೋನ್ ಸಿಗದು. ನಾನು ಸತ್ತೇ ಹೋದೆನೆಂದು ಗಾಬರಿಯಾಗಿ ಆಸ್ಪತ್ರೆಯನ್ನು ಹಿಡಿದಿದ್ದಳು. ಅವರು ನಿಮ್ಮ ಜೊತೆಯಲ್ಲೇ ಆಫ್ರಿಕಾದಲ್ಲಿದ್ದಾರಲ್ಲ ಎಂದು ನನ್ನ ನರ್ಸ್‌ಗಳು ಅವಳಿಗೇ ಹೇಳಿದ್ದರು.

ಉಡುಪಿಯವಳು ಡ್ರಾಯರಿನಿಂದ ಒಂದು ಫಾರ್ಮ್ ತೆಗೆದು ನನ್ನ ಮುಂದಿಟ್ಟಳು. ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟಳು.

ಕೂತು ಬರೆದೆ. ಏನಾಯಿತು: ಇಲ್ಲದ ವ್ಯಕ್ತಿಯನ್ನು ಇದ್ದಂತೆ ತೋರಿಸಲಾಯಿತು. ಯಾರಿಗೆ ತೊಂದರೆ: ಗಾಯಕರಿಗೆ. ಮತ್ತೆ ಆಗದಂತೆ ಕ್ರಮ: ಮುಂದಿನ ಸಲ ಕೇಳುತ್ತೇನೆ.

ಅವಳು ಓದಿ, ಫಾರ್ಮನ್ನು ನನ್ನ ಕಡೆಗೆ ತಿರುಗಿಸಿದಳು. "ಮುಂದಿನ ಸಲ ಅಂದ್ರೆ ಆಗುವುದಿಲ್ಲ ಮೇಟ್ರನ್. ತಾರೀಕು ಬೇಕು."

ಇಡೀ ವಾರ್ಡು ನೋಡುತ್ತಿರುವಾಗ, ಅಲ್ಲಿಯ ಫೋನಿನಿಂದಲೇ ಮಂಗಳೂರಿಗೆ ಕರೆ ಮಾಡಬೇಕಾಯಿತು. ತಂಗಿ ಎತ್ತಿದವಳೇ, "ಎಂಥ ಅಳಿಸಿದ್ದು ಮಾರಾಯ್ತಿ ನೀನು?" ಎಂದಳು.

ಉತ್ತರವಾಗಿ, ಒಮಾನಿನ ದಕ್ಷಿಣಕ್ಕಿರುವ ಸಲಾಲಾದಲ್ಲಿ ಮಳೆ ಶುರುವಾಗಿದೆ, ಗುಡ್ಡವೆಲ್ಲ ಹಸಿರಾಗುತ್ತದೆ, ಇಲ್ಲಿಯವರೆಲ್ಲ ನೋಡಲು ಹೋಗುತ್ತಾರೆ, ನನ್ನ ಜೊತೆ ಬರುತ್ತೀಯಾ ಎಂದು ಒಂದೇ ಉಸಿರಿಗೆ ಕೇಳಿದೆ.



"ಇಲ್ಲಿ ಎಂಟು ದಿನದಿಂದ ಬಟ್ಟೆ ಒಣಗಲಿಲ್ಲ, ಅಡುಗೆಮನೆಯಲ್ಲಿ ಹಗ್ಗ ಕಟ್ಟಿದ್ದೇನೆ. ಮಳೆ ನೋಡ್ಲಿಕ್ಕೆ ನಾನು ವಿಮಾನ ಹತ್ತಿ ಒಮಾನಿಗೆ ಬರಬೇಕಾ?" ಆಮೇಲೆ ಕ್ಯಾಲೆಂಡರಿನ ಹಾಳೆ ತಿರುಗಿಸಿದ ಸದ್ದು. "ಯಾವ ತಾರೀಕಿಗೆ?"

ತಾರೀಕು ಬರೆದೆ. ಫಾರ್ಮಿನ ಕೊನೆಯಲ್ಲಿ ಸಾಕ್ಷಿಗಳಿಗೆಂದು ಎರಡೇ ಗೆರೆ ಇರುತ್ತದೆ. ಹನ್ನೊಂದು ಮಂದಿ ನರ್ಸ್‌ಗಳು ನುಗ್ಗಿ ಸಹಿ ಹಾಕಿದರು, ಒಬ್ಬಳು ಪಕ್ಕದಲ್ಲಿ ಆನೆಯ ಚಿತ್ರವನ್ನೂ ಬರೆದಳು. ನಾನು ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದೆ. ಗೆರೆಯ ಹೊರಗೆ ಬರೆದದ್ದಕ್ಕಾಗಿ ಫಾರ್ಮನ್ನು ವಾಪಸ್ ಕಳಿಸಿದೆ.