ಕೌಂಟರ್ 3ರ ಸ್ಪಂಜನ್ನು ತೊಳೆಯದಿರುವ ಬಗ್ಗೆ

ಬ್ಲಾಟಿಂಗನ್ ಪಟ್ಟಣಾಡಳಿತ
ಇತರೆ ವಿಷಯಗಳ ಇಲಾಖೆ
ಪಟ್ಟಣ ಸಭಾಭವನ, ನೆಲಮಹಡಿ, ಬ್ಲಾಟಿಂಗನ್, ಸ್ವಾಬಿಯಾ

ಸಂಖ್ಯೆ: ಇವಿಇ/ನೆಮ/ಕೌಂ-3/ಸ್ಪಂಜು/07/2025
ದಿನಾಂಕ: 28 ಮಾರ್ಚ್ 2025

ಸುತ್ತೋಲೆ

ವಿಷಯ: ಕೌಂಟರ್ 3ರ ಮೀನಿನ ತೊಟ್ಟಿಯಲ್ಲಿರುವ, ಕೈಯಾರೆ ತಯಾರಿಸಿದ ಸ್ಪಂಜು ಫಿಲ್ಟರನ್ನು ಯಾರೂ, ಯಾವ ಕಾರಣಕ್ಕೂ, ಎಷ್ಟೇ ಕೈ ತುರಿಸಿದರೂ ಸ್ವಚ್ಛಗೊಳಿಸದಿರುವ ಬಗ್ಗೆ.

ಉಲ್ಲೇಖ:
1. ಹೊಸ ಫಿಲ್ಟರ್ ಕೊಡಿಸುವಂತೆ ಕೋರಿ ಕಟ್ಟಡದ ಉಸ್ತುವಾರಿ ಶ್ರೀ ಓಯ್ಗೆನ್ ಸ್ಟೆಂಗ್ಲೆ ಸಲ್ಲಿಸಿದ ಮನವಿ, ದಿ: 9-1-2024.
2. ಸದರಿ ಮನವಿ ತಲುಪಿದೆ ಎಂದು ತಿಳಿಸುವ ಇಲಾಖೆಯ ಪತ್ರ, ದಿ: 5-11-2024.
3. ಗುಡಿಸುವ ವಾರದ ನಿಯಮಾವಳಿ (ಪರಿಷ್ಕೃತ).
4. ಕೌಂಟರ್ 3ರ ಶ್ರೀಮತಿ ಇರ್ಮ್‌ಗಾರ್ಡ್ ಷೊಯ್ಫೆಲೆ ಅವರ ಹೇಳಿಕೆ, ದಿ: 17-3-2025 (ಮೂರು ಪುಟ, ಮೂರನೆಯದು ಒದ್ದೆ).

ಪ್ರಸ್ತಾವನೆ:

ನಾಯಿ ತೆರಿಗೆ, ಹಳೇ ಸೋಫಾ ವಿಲೇವಾರಿ ಮತ್ತು ಸ್ಮಶಾನದ ಜಾಗದ ಅರ್ಜಿದಾರರು ಕಾಯುವ ಕೋಣೆಯಲ್ಲಿ, ಕೌಂಟರ್ 3ರ ಪಕ್ಕ, ಇಪ್ಪತ್ತೈದು ಲೀಟರಿನ ಗಾಜಿನ ತೊಟ್ಟಿಯೊಂದಿರುತ್ತದೆ. ಅದರಲ್ಲಿ ಲೊತಾರ್ ಎಂಬ ಹೆಸರಿನ, ಕೆಂಪು ರೆಕ್ಕೆಗಳ ಒಂದು ಫೈಟರ್ ಮೀನು ವಾಸವಾಗಿರುತ್ತದೆ. ಸಾರ್ವಜನಿಕರನ್ನು ಕಂಡ ಕೂಡಲೇ ತಾನಾಗಿಯೇ ಮುಂದೆ ಬರುವವರು ಈ ಕಚೇರಿಯಲ್ಲಿ ಲೊತಾರ್ ಒಬ್ಬನೇ ಎಂದು ಸಲಹಾ ಪೆಟ್ಟಿಗೆಯಲ್ಲಿ ನಾಲ್ಕು ಪತ್ರಗಳು ದೊರೆತಿದ್ದು, ಅವನ್ನು ಕಡತದಲ್ಲಿ ಸೇರಿಸಿ ಮರೆಯಲಾಗಿದೆ.

ತೊಟ್ಟಿಯಲ್ಲಿದ್ದ ಹಳೆಯ ಫಿಲ್ಟರು ನೀರಿನ ಜೊತೆಗೆ ಲೊತಾರನ ಬಾಲವನ್ನೂ ಎಳೆದು ಹರಿಯುತ್ತಿದ್ದ ಕಾರಣ, ಉಲ್ಲೇಖ (1)ರ ಮನವಿ ಬಂದಿತ್ತು. ಮನವಿಯನ್ನು ಪರಿಶೀಲಿಸುವ ಕಾರ್ಯ ನಡೆಯುತ್ತಿರುವಾಗಲೇ ಶ್ರೀ ಸ್ಟೆಂಗ್ಲೆ ಅವರು ದಿ: 3-2-2025ರ ಊಟದ ವಿರಾಮದಲ್ಲಿ, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದೇ, ಫಿಲ್ಟರೊಂದನ್ನು ತಯಾರಿಸಿರುತ್ತಾರೆ. ಅಂಗೈ ಅಗಲದ, ಬಣ್ಣ-ಔಷಧ ಹಾಕದ ಒರಟು ಸ್ಪಂಜಿನ ನಡುವೆ ತೂತು ಕೊರೆದು, ಆ ತೂತಿಗೆ ಇಲಾಖೆಯ ಬಾಲ್‌ಪೆನ್ನಿನ ಹೊರಕೊಳವೆಯನ್ನು ತೂರಿಸಿ, ಕೊಳವೆಯ ಕೆಳಭಾಗಕ್ಕೆ ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ಗಾಳಿಯ ತೆಳು ನಳಿಕೆಯನ್ನು ಇಳಿಬಿಟ್ಟು, ತೇಲದಂತೆ ಅಡಿಗೊಂದು ಟೈಲ್ಸ್ ಚೂರು ಕಟ್ಟಲಾಗಿದೆ. ಪಂಪು ಗಾಳಿ ಊದಿದಾಗ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುತ್ತವೆ. ಅವುಗಳ ಹಿಂದೆಯೇ ನೀರು ಸ್ಪಂಜಿನ ಮೂಲಕ ಮೆಲ್ಲನೆ ಒಳಗೆ ಹರಿದುಬರುತ್ತದೆ. ಕೊಳೆ ಸ್ಪಂಜಿನಲ್ಲಿ ನಿಲ್ಲುತ್ತದೆ. ಬಾಲಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಸಮಿತಿ, ಟೆಂಡರು, ಉದ್ಘಾಟನೆ ಯಾವುದೂ ಬೇಕಾಗಲಿಲ್ಲ ಎಂಬುದನ್ನು ಇಲಾಖೆಯು ಕಳವಳದಿಂದ ಗಮನಿಸಿದೆ.

ಆರು ವಾರಗಳಲ್ಲಿ ಸ್ಪಂಜು ಕಂದು ಬಣ್ಣಕ್ಕೆ ತಿರುಗಿತು. ಮೀನಿನ ಹೊಲಸನ್ನು ತಿಂದು ನೀರಿನ ವಿಷ ತೆಗೆಯುವ ಬ್ಯಾಕ್ಟೀರಿಯಾಗಳು ಆ ಕಂದು ಬಣ್ಣದಲ್ಲೇ ಸಂಸಾರ ಹೂಡಿದ್ದವು. ಈ ವಿಷಯ ಶ್ರೀ ಸ್ಟೆಂಗ್ಲೆ ಮತ್ತು ಲೊತಾರ್ ಹೊರತು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ದಿ: 14-3-2025ರ ಶುಕ್ರವಾರ, ಆ ವಾರ ಕಚೇರಿ ಸ್ವಚ್ಛಗೊಳಿಸುವ ಹೊಣೆ ಯಾರದೆಂದು ತೋರಿಸುವ, ಗುಡಿಸುವ ವಾರದ ಮರದ ಹಲಗೆಯು ಸರದಿಯಂತೆ ಶ್ರೀಮತಿ ಷೊಯ್ಫೆಲೆ ಅವರ ಕೌಂಟರಿಗೆ ನೇತುಬಿದ್ದಿತ್ತು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಅವರು ಹಲಗೆಯನ್ನು ಒಮ್ಮೆಯೂ ಕಳಂಕದೊಡನೆ ಮುಂದಿನವರಿಗೆ ದಾಟಿಸಿದವರಲ್ಲ. ನಂತರ ನಡೆದುದನ್ನು ಅವರ ಮಾತಿನಲ್ಲೇ ದಾಖಲಿಸಿಕೊಳ್ಳಲಾಗಿದೆ:

"ಕೆಟ್ಟದ್ ಮಾಡ್ಬೇಕು ಅಂತ ಮಾಡ್ಲಿಲ್ಲ ಕಣ್ರೀ. ಕಾಫಿ ಮೆಷಿನ್ ಉಜ್ಜಾಗಿತ್ತು, ಬಾಗಿಲ ಹಿಡಿ ಉಜ್ಜಾಗಿತ್ತು, ಮೆಟ್ಲು ಒರೆಸಾಗಿತ್ತು. ಹಲಗೆ ತೆಗೀಬೇಕು ಅನ್ನೋಷ್ಟರಲ್ಲಿ ಈ ಸ್ಪಂಜು ಕಣ್ಣಿಗೆ ಬಿತ್ತು. ಅಯ್ಯೋ ಪಾಪ, ಇಷ್ಟು ಗಲೀಜಲ್ಲಿ ಈ ಜೀವ ಹ್ಯಾಗಿರತ್ತೆ ಅನ್ನಿಸ್ತು. ಬಿಸಿನೀರು ಹಾಕ್ದೆ, ಸೋಪು ಹಾಕ್ದೆ, ವಿನೆಗರ್ ಹಾಕ್ದೆ, ಹತ್ತು ಸಲ ಹಿಂಡಿ ಹೀಟರ್ ಮೇಲೆ ಒಣಗ್ಸಿ ವಾಪಸ್ ಇಟ್ಟೆ. ನಿಂಬೆಹಣ್ಣಿನ ವಾಸನೆ ಬರ್ತಿತ್ತು. ಖುಷಿಯಾಗಿ ಮನೆಗೆ ಹೋದೆ."

ಆ ವೇಳೆಗೆ ಅಲ್ಲಿ ಹಾದುಹೋಗುತ್ತಿದ್ದ ಮೇಲಧಿಕಾರಿಯೊಬ್ಬರು ಸ್ಪಂಜನ್ನು ನೋಡಿ, "ಅಬ್ಬಾ! ಈಗ ನೋಡಿ ಕಣ್ಣಿಗೆ ತಂಪಾಯ್ತು!" ಎಂದು ಹೊಗಳಿದ್ದಾಗಿ ತಿಳಿದುಬಂದಿದೆ. ಅವರ ಹೆಸರನ್ನು ಯಥಾಸ್ಥಾನದಲ್ಲಿ ನಮೂದಿಸಲಾಗುವುದು.

ಸೋಮವಾರ ಬೆಳಿಗ್ಗೆ ಶ್ರೀ ಸ್ಟೆಂಗ್ಲೆ ಅವರು ಕಂಡದ್ದು: "ಏಳು ಗಂಟೆಗೆ ಬಾಗ್ಲು ತೆಗೆದ್ರೆ ನೀರು ಹಾಲಿನ್ ಥರ ಬೆಳ್ಳಗೆ. ಲೊತಾರ್ ತಳದಲ್ಲಿ ರೆಕ್ಕೆ ಮುದುರ್ಕೊಂಡು ಬಿದ್ದಿದ್ದ. ಗಾಜು ತಟ್ಟಿದ್ರೂ ಏಳ್ಲಿಲ್ಲ. ಸ್ಪಂಜು ಮಾತ್ರ ಮದುವೆ ಹೆಣ್ಣಿನ್ ಹಂಗೆ ಮಿರಮಿರ ಮಿಂಚ್ತಿತ್ತು. ಷೊಯ್ಫೆಲೆಯಮ್ಮಾ, ಅದು ಗಲೀಜಲ್ಲ ತಾಯಿ, ಅವನ ಉಸಿರು ಅದು ಅಂದೆ. ಆಯಮ್ಮ ಅಲ್ಲೇ ಕುರ್ಚಿ ಮೇಲೆ ಕೂತ್ಬಿಟ್ರು."

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಲೊತಾರನ ಪ್ರಾಣವು ಈಗ ಈ ಕಚೇರಿಯ ಹದಿನಾಲ್ಕು ಮಂದಿ ಸಿಬ್ಬಂದಿ ಒಂದು ವಸ್ತುವನ್ನು ಕೊಳಕಾಗಿಯೇ ಬಿಡಬಲ್ಲರೇ ಎಂಬುದನ್ನು ಅವಲಂಬಿಸಿರುವುದರಿಂದ, ಪರಿಸ್ಥಿತಿ ಗಂಭೀರವಾಗಿದೆಯೆಂದು ಪರಿಗಣಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಇನ್ನು ಮುಂದೆ ಕಚೇರಿಯ ಕೊಳೆಯನ್ನು ಮೂರು ವರ್ಗಗಳಾಗಿ ವಿಂಗಡಿಸತಕ್ಕದ್ದು. (ಅ) ಸಾಮಾನ್ಯ ಕೊಳೆ: ಹಿಂದಿನಂತೆಯೇ ತೆಗೆಯತಕ್ಕದ್ದು. (ಆ) ಕಡತಗಳ ಮೇಲಿನ ಕೊಳೆ: ಹಿಂದಿನಂತೆಯೇ ಬಿಡತಕ್ಕದ್ದು. (ಇ) ಸೇವೆಯಲ್ಲಿರುವ ಕೊಳೆ: ಅಂದರೆ ಕೌಂಟರ್ 3ರ ಸ್ಪಂಜಿನೊಳಗಿನ ಕೊಳೆ. ಇದನ್ನು ಖಾಯಂ ಸಿಬ್ಬಂದಿಯೆಂದು ಪರಿಗಣಿಸಲಾಗಿದೆ. ಲಿಖಿತ ನೋಟಿಸು ನೀಡದೆ ಇದನ್ನು ಸೇವೆಯಿಂದ ತೆಗೆಯುವಂತಿಲ್ಲ. ಹಗಲಿರುಳು ಕೆಲಸ ಮಾಡುವ ಸಿಬ್ಬಂದಿ ಈ ಕಟ್ಟಡದಲ್ಲಿ ಇದೇ ಮೊದಲು ಕಂಡುಬಂದಿರುವುದರಿಂದ ಅವರ ರಜೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

2. ಸ್ಪಂಜಿನೊಳಗಿರುವ ಬಾಲ್‌ಪೆನ್ನು ರೀಫಿಲ್ ಇಲ್ಲದೆ, ನೀರಿನ ಅಡಿಯಲ್ಲಿದ್ದರೂ, ಲೇಖನ ಸಾಮಗ್ರಿ ದಾಸ್ತಾನಿನ ಭಾಗವಾಗಿಯೇ ಮುಂದುವರಿಯತಕ್ಕದ್ದು. ವಾರ್ಷಿಕ ತಪಾಸಣೆಯಲ್ಲಿ ಅದನ್ನು ಗಾಜಿನ ಹೊರಗಿನಿಂದ ನೋಡಿ "ಇದೆ" ಎಂದು ಗುರುತು ಹಾಕತಕ್ಕದ್ದು. ತುರ್ತು ಸಹಿಗೆಂದು ತೊಟ್ಟಿಯಲ್ಲಿ ಕೈ ಹಾಕುವುದನ್ನು ನಿಷೇಧಿಸಲಾಗಿದೆ.

3. ಗಾಳಿ ಪಂಪನ್ನು ಸದಾ ನೀರಿನ ಮಟ್ಟಕ್ಕಿಂತ ಮೇಲಿನ ಕಪಾಟಿನಲ್ಲಿಯೇ ಇರಿಸತಕ್ಕದ್ದು. ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ನುಗ್ಗುವ ಸಂಭವವಿರುತ್ತದೆ. ಎತ್ತರಕ್ಕಾಗಿ ಕಟ್ಟಡ ನಿಯಮಾವಳಿಯ ಎರಡನೇ ಸಂಪುಟವನ್ನೂ, ಅದುರದಿರಲು ಬಿಯರ್ ಲೋಟದಡಿಯ ರಟ್ಟನ್ನೂ ಬಳಸಲಾಗಿದೆ. ಸದರಿ ಸಂಪುಟವು ಪ್ರಕಟವಾದಂದಿನಿಂದ ಇದೇ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿರುತ್ತದೆ. ಮಧ್ಯಾಹ್ನದ ವಿಶ್ರಾಂತಿ ವೇಳೆಯಲ್ಲಿ ಪಂಪು ಗುಂಯ್‌ಗುಡುತ್ತದೆಂದು ಬಂದ ದೂರಿನ ಮೇರೆಗೆ ಶಬ್ದವನ್ನು ಅಳೆಯಲಾಯಿತು. ಅದು ಅದೇ ವೇಳೆಯಲ್ಲಿ ಕೌಂಟರ್ 6ರಿಂದ ಬರುವ ಗೊರಕೆಗಿಂತ ಕಡಿಮೆ ಇರುವುದು ಕಂಡುಬಂದಿದೆ. ಆದ್ದರಿಂದ ಪಂಪನ್ನು ನಿಲ್ಲಿಸುವಂತಿಲ್ಲ. ಗಾಳಿಯಿಲ್ಲದಿದ್ದರೆ (ಇ) ವರ್ಗದ ಸಿಬ್ಬಂದಿ ಉಳಿಯುವುದಿಲ್ಲ.

4. ನಾಲ್ಕು ವಾರಗಳಿಗೊಮ್ಮೆ ಮಾತ್ರ, ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಸ್ಪಂಜನ್ನು ಮೂರು ಬಾರಿ ಹಿಂಡಬಹುದು. ನೀರು ಕಂದಾಗುತ್ತದೆ. ಆಗ ಒಮ್ಮೆ "ಅಯ್ಯೋ" ಎನ್ನಲು ಅನುಮತಿ ಇದೆ. ನಾಲ್ಕನೇ ಬಾರಿ ಹಿಂಡುವಂತಿಲ್ಲ. ಸ್ಪಂಜು ಇನ್ನೂ ಕಂದಾಗಿರುವಾಗಲೇ, ಮುಖ ತಿರುಗಿಸಿಕೊಂಡಾದರೂ ಸರಿ, ಅದನ್ನು ಒಳಗೆ ಇಡತಕ್ಕದ್ದು. ನಲ್ಲಿ, ಸೋಪು, ವಿನೆಗರ್, ಹಳೇ ಹಲ್ಲುಜ್ಜುವ ಬ್ರಷ್ಷು ಹಾಗೂ "ಅಂಚು ಮಾತ್ರ ಸ್ವಲ್ಪ" ಎಂಬ ವಾದ, ಇವೆಲ್ಲವನ್ನೂ ನಿಷೇಧಿಸಲಾಗಿದೆ.

5. ತಡೆಯಲಾಗದ ಸಿಬ್ಬಂದಿಯ ಅನುಕೂಲಕ್ಕಾಗಿ ಕೌಂಟರ್ 5ರ ಪೆನ್ಸಿಲ್ ಡಬ್ಬಿಯನ್ನು ಉದ್ದೇಶಪೂರ್ವಕವಾಗಿ ಧೂಳಿನಿಂದ ಇಡಲಾಗುವುದು. ಅದನ್ನು ಎಷ್ಟು ಬಾರಿಯಾದರೂ ಒರೆಸಬಹುದು. ಪ್ರತಿ ಸೋಮವಾರ ಹೊಸ ಧೂಳು ಒದಗಿಸಲಾಗುವುದು.

6. ದಿ: 17-3-2025ರಂದು ಶ್ರೀ ಸ್ಟೆಂಗ್ಲೆ ಅವರು ತೊಟ್ಟಿಯ ಮೂರನೇ ಒಂದು ಭಾಗ ನೀರನ್ನು ಬದಲಿಸಿ, ಮನೆಗೆ ಓಡಿ, ತಮ್ಮ ಸ್ವಂತ ತೊಟ್ಟಿಯ ಹಳೇ ಕೊಳಕು ಸ್ಪಂಜನ್ನು ಸೌತೆಕಾಯಿ ಉಪ್ಪಿನಕಾಯಿಯ ಖಾಲಿ ಸೀಸೆಯಲ್ಲಿ ಹಾಕಿಕೊಂಡು, ಕೋಟಿನೊಳಗೆ ಬೆಚ್ಚಗೆ ಇರಿಸಿ ತಂದು, ಲೊತಾರನ ತೊಟ್ಟಿಗೆ ಇಳಿಸಿರುತ್ತಾರೆ. ಸಾರ್ವಜನಿಕ ಕಟ್ಟಡದೊಳಕ್ಕೆ ಕೊಳೆಯನ್ನು ಅನುಮತಿಯಿಲ್ಲದೆ ತಂದದ್ದು ನಿಯಮಬಾಹಿರವಾಗಿದ್ದರಿಂದ, ಅದನ್ನು ಕ್ರಮಬದ್ಧಗೊಳಿಸಲು ಸ್ವೀಕೃತಿ ಪತ್ರ ಬರೆಯುವಂತೆ ಶ್ರೀಮತಿ ಷೊಯ್ಫೆಲೆ ಅವರಿಗೆ ಸೂಚಿಸಲಾಯಿತು. ಅವರು ಬರೆದುದು: "ವಸ್ತು: ಕೊಳೆ. ಪ್ರಮಾಣ: ಒಂದು ಸ್ಪಂಜಿನಷ್ಟು. ಸ್ಥಿತಿ: ಉತ್ತಮ." ಷರಾ ಕಾಲಂನಲ್ಲಿ "ಲೊತಾರ್, ನನ್ನದೇ ತಪ್ಪು ಕಣೋ, ಎದ್ದೇಳಪ್ಪಾ" ಎಂದಿರುತ್ತದೆ. ಷರಾ ಕಾಲಂ ಇಂಥ ಉಪಯೋಗಕ್ಕೆ ಇರುವುದಲ್ಲ. ಆದರೂ ಅದನ್ನು ಹೊಡೆದುಹಾಕಲು ಇಲಾಖೆಗೆ ಮನಸ್ಸು ಬಂದಿಲ್ಲ.

7. ಗುಡಿಸುವ ವಾರದ ಜೊತೆಜೊತೆಗೆ "ಗುಡಿಸದ ವಾರ"ವನ್ನು ಜಾರಿಗೆ ತರಲಾಗಿದೆ. ಇದಕ್ಕಾಗಿ ಹೊಸ ಹಲಗೆಯೊಂದನ್ನು ಮಾಡಿಸಿ ತೊಟ್ಟಿಗೆ ತೂಗುಹಾಕಲಾಗಿದೆ. ಸರದಿಯವರು ಶುಕ್ರವಾರ ಮೂರೂವರೆಗೆ ತೊಟ್ಟಿಯ ಮುಂದೆ ನಿಂತು, ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಐದು ನಿಮಿಷ ಏನೂ ಮಾಡದಿದ್ದು, ರಿಜಿಸ್ಟರಿನಲ್ಲಿ "ಏನೂ ಮಾಡಲಿಲ್ಲ" ಎಂದು ಬರೆದು ಸಹಿ ಮಾಡತಕ್ಕದ್ದು. ಕೆಲವು ವಿಭಾಗಗಳಲ್ಲಿ ಈ ಪದ್ಧತಿ ರಿಜಿಸ್ಟರಿಲ್ಲದೆ ಬಹುಕಾಲದಿಂದ ಜಾರಿಯಲ್ಲಿದೆಯೆಂದು ಶ್ರೀ ಸ್ಟೆಂಗ್ಲೆ ಅವರು ಹೇಳಿದ್ದನ್ನು ಗಮನಿಸಲಾಗಿದೆ, ಒಪ್ಪಲಾಗಿಲ್ಲ. ಮೊದಲ ಸರದಿಯನ್ನು ಶ್ರೀಮತಿ ಷೊಯ್ಫೆಲೆ ಅವರು ತಾವಾಗಿಯೇ ಕೇಳಿ ಪಡೆದು, ದಿ: 21-3-2025ರಂದು ನಿರ್ವಹಿಸಿರುತ್ತಾರೆ. ಜೇಬಿನೊಳಗೆ ಅವರ ಕೈಗಳು ಚಡಪಡಿಸುತ್ತಿದ್ದವು, ಹೊರಗೆ ಬರಲಿಲ್ಲ.

8. ಶ್ರೀ ಸ್ಟೆಂಗ್ಲೆ ಅವರ ವಿರುದ್ಧ ಅನಧಿಕೃತ ಉಪಕರಣ ತಯಾರಿಕೆಯ ಬಗ್ಗೆ ಆರಂಭಿಸಲಾಗಿದ್ದ ವಿಚಾರಣೆಯನ್ನು, ಉಪಕರಣವು ಕೆಲಸ ಮಾಡುತ್ತದೆಂಬ ಅನಿರೀಕ್ಷಿತ ಕಾರಣಕ್ಕೆ ಕೈಬಿಡಲಾಗಿದೆ. ಉಲ್ಲೇಖ (1)ರ ಮನವಿಯು ಪರಿಶೀಲನೆಯಲ್ಲಿಯೇ ಮುಂದುವರಿಯುವುದು. ಮುಂದೊಂದು ದಿನ ಹೊಸ ಫಿಲ್ಟರು ಬಂದಲ್ಲಿ, ಅದನ್ನು ಉಗ್ರಾಣದಲ್ಲಿ ಭದ್ರವಾಗಿ ಇಟ್ಟು ಮರೆಯತಕ್ಕದ್ದು.

9. ದಿ: 23-3-2025ರ ಭಾನುವಾರ, ಕಚೇರಿಗೆ ಬೀಗ ಇರಬೇಕಾದ ವೇಳೆಯಲ್ಲಿ ಶ್ರೀ ಸ್ಟೆಂಗ್ಲೆ ಮತ್ತು ಶ್ರೀಮತಿ ಷೊಯ್ಫೆಲೆ ಇಬ್ಬರೂ ತೊಟ್ಟಿಯ ಮುಂದೆ ಕುಳಿತು ಬ್ರೆಡ್ಡು ಹಂಚಿಕೊಂಡು ತಿನ್ನುತ್ತಿದ್ದುದು ಪತ್ತೆಯಾಗಿರುತ್ತದೆ. ವಿವರಣೆ ಕೇಳಲಾಗಿ ಶ್ರೀಮತಿ ಷೊಯ್ಫೆಲೆ ಅವರು, "ಶನಿವಾರವೇ ಮನೇ ಪರದೆ ಎಲ್ಲಾ ಒಗೆದ್ಬಿಟ್ಟೆ, ಕಿಟಕಿ ಎರಡು ಸಲ ಒರೆಸ್ದೆ. ಇನ್ನೇನ್ ಮಾಡ್ಲಿ ಹೇಳಿ, ಮನಸ್ಸು ಇಲ್ಲೇ ಇತ್ತು" ಎಂದಿರುತ್ತಾರೆ. ಇಬ್ಬರನ್ನು ಪತ್ತೆಹಚ್ಚಿದ ಅಧಿಕಾರಿಯೂ ಭಾನುವಾರ ಅಲ್ಲಿಗೆ ಏಕೆ ಬಂದಿದ್ದರೆಂಬ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಎತ್ತುವುದೂ ಬೇಡ.

10. ಇಂದಿನ ಸ್ಥಿತಿ: ನೀರು ತಿಳಿಯಾಗಿದೆ. ಸ್ಪಂಜು ತಕ್ಕಮಟ್ಟಿಗೆ ಕೊಳಕಾಗಿದೆ. ಲೊತಾರ್ ಬುಧವಾರ ತಳದಿಂದ ಎದ್ದು ಅರ್ಧದವರೆಗೆ ಬಂದು, ಒಂದು ಕಾಳು ತಿಂದು, ಮತ್ತೆ ಕೆಳಗಿಳಿದಿದ್ದಾನೆ. ಪಾರಾದನೇ ಎಂದು ಕೇಳಿದ್ದಕ್ಕೆ ಶ್ರೀ ಸ್ಟೆಂಗ್ಲೆ ಅವರು, "ಈಗ್ಲೇ ಏನೂ ಹೇಳಲ್ಲ ಮೇಡಂ. ಈ ಜಾತಿ ಗಂಡು ಮೀನು ಚೆನ್ನಾಗಿದ್ರೆ ಮೇಲೆ ಬಂದು ಗುಳ್ಳೆ ಬಿಟ್ಟು ಗೂಡು ಕಟ್ತಾವೆ. ಒಂದೇ ಒಂದು ಗುಳ್ಳೆ ಬಿಡ್ಲಿ, ಆಮೇಲೆ ಕೇಳಿ" ಎಂದಿರುತ್ತಾರೆ. ಇಲಾಖೆಯು ಈ ವಿಷಯದಲ್ಲಿ ಆತಂಕಗೊಂಡಿದೆ. ಆತಂಕಕ್ಕೆ ನಿಗದಿತ ನಮೂನೆ ಇಲ್ಲದ ಕಾರಣ ಅದನ್ನು ಇಲ್ಲಿಯೇ ನಮೂದಿಸಲಾಗಿದೆ.

ಈ ಸೂಚನೆಗಳು ತಕ್ಷಣದಿಂದ, ಮತ್ತು ಮೀನು ಇರುವವರೆಗೆ, ಜಾರಿಯಲ್ಲಿರತಕ್ಕದ್ದು.

(ಸಹಿ)
ಡಾ. ರೋಸ್ವಿಥಾ ಕ್ನಾಪ್
ಮುಖ್ಯಸ್ಥೆ, ಇತರೆ ವಿಷಯಗಳ ಇಲಾಖೆ
ಹಾಗೂ ಪ್ರಸ್ತಾವನೆಯಲ್ಲಿ ತಿಳಿಸಲಾದ, ಸ್ಪಂಜನ್ನು ಹೊಗಳಿದ ಮೇಲಧಿಕಾರಿ
(ಗುಡಿಸದ ವಾರದ ಎರಡನೇ ಸರದಿ: ಇಂದು, ಮೂರೂವರೆಗೆ)

ಪ್ರತಿಗಳು:
1. ಎಲ್ಲ ಕೌಂಟರ್‌ಗಳಿಗೆ, ಓದಿ ಪಾಲಿಸಲು.
2. ಕೌಂಟರ್ 6ಕ್ಕೆ, ಎಚ್ಚರವಾದ ನಂತರ.
3. ಶ್ರೀ ಓಯ್ಗೆನ್ ಸ್ಟೆಂಗ್ಲೆ ಅವರಿಗೆ, ಸೀಸೆ ವಾಪಸಾತಿಯೊಂದಿಗೆ. (ಸೀಸೆಯನ್ನು ತೊಳೆದಿಲ್ಲ.)
4. ಲೇಖನ ಸಾಮಗ್ರಿ ಉಗ್ರಾಣಕ್ಕೆ, ಒಂದು ಪೆನ್ನಿನ ಮಟ್ಟಿಗೆ.
5. ಶ್ರೀಮತಿ ಇರ್ಮ್‌ಗಾರ್ಡ್ ಷೊಯ್ಫೆಲೆ ಅವರಿಗೆ. ಈ ಪ್ರತಿಯ ಮೇಲೆ ಕಾಫಿ ಕಲೆ ಇದೆ. ಹಾಗೆಯೇ ಇಟ್ಟುಕೊಂಡು ಅಭ್ಯಾಸ ಮಾಡಿಕೊಳ್ಳಲು.
6. ಲೊತಾರ್‌ಗೆ, ತೊಟ್ಟಿಯ ಹೊರಗೋಡೆಗೆ ಬರಹ ಒಳಮುಖವಾಗಿರುವಂತೆ ಅಂಟಿಸಿ. ಸಹಿ ಬೇಕಿಲ್ಲ. ಒಂದು ಗುಳ್ಳೆಯನ್ನು ಸ್ವೀಕೃತಿಯೆಂದು ಪರಿಗಣಿಸಲಾಗುವುದು.

(ಆರನೇ ಪ್ರತಿಯ ಅಂಚಿನಲ್ಲಿ, ಕೈಬರಹದಲ್ಲಿ: ಸ್ವೀಕರಿಸಿದ್ದಾನೆ. 28-3-2025, ಮಧ್ಯಾಹ್ನ 2 ಗಂಟೆ 10 ನಿಮಿಷ. ಒಂದಲ್ಲ, ಹನ್ನೊಂದು. ನಾನೇ ಎಣಿಸಿದೆ. ಇ. ಷೊಯ್ಫೆಲೆ, ಕೌಂಟರ್ 3.)