ಒಮ್ಮತದ ಅಪರಾಧಕ್ಕೆ ನಮ್ಮ ಶಾಖೆಯ ಸಮಜಾಯಿಷಿ

ಪಕ್ಷದ ಪರಮ ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ, ಟೈರ್ ಅಂಗಡಿಯ ಅಟ್ಟದ ಮೇಲೆ ಸಭೆ ಸೇರುವ ತಮ್ಮ ಅತಿ ಸಣ್ಣ ಶಾಖೆಯ ಅತಿ ಹೊಸ ಸದಸ್ಯೆ, ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಎಡಕ್ಕೆ ಕೂರುವ ಬಣವೂ ಬಲಕ್ಕೆ ಕೂರುವ ಬಣವೂ ಒಂದರ ಮುಖ ಒಂದು ನೋಡದೆ ಅಷ್ಟೇ ಕ್ಷೇಮವೆಂದೂ ಪತ್ರಿಕೆಗಳಿಂದ ತಿಳಿದು ಸಂತೋಷವಾಯಿತು. ತಮ್ಮ ನೋಟಿಸು ಕೈಸೇರಿದೆ. ಉಳಿದೆಲ್ಲ ಶಾಖೆಗಳೂ ಶಿಸ್ತಾಗಿ ಎರಡಾಗಿ ಒಡೆದಿರುವಾಗ ನಮ್ಮದೊಂದು ಮಾತ್ರ ಒಮ್ಮತಕ್ಕೆ ಬಂದು ಪಕ್ಷದ ಸಮತೋಲನ ಕೆಡಿಸಿದೆಯೆಂದೂ, ಭಾನುವಾರದೊಳಗೆ ಮೊದಲಿನಂತೆ ಭಿನ್ನಾಭಿಪ್ರಾಯಕ್ಕೆ ಮರಳದಿದ್ದರೆ ಶಾಖೆಯನ್ನು ಮುಚ್ಚಲಾಗುವುದೆಂದೂ ಅದರಲ್ಲಿ ಸ್ಪಷ್ಟವಾಗಿದೆ. ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. "ಹಾಸ್ಟೆಲಲ್ಲಿ ಓದಿದೋಳು, ಲೆಟರ್ ಬರೆಯೋದು ಬರುತ್ತೆ ಬಿಡಿ" ಎಂದರು ನಮ್ಮ ಕಾರ್ಯದರ್ಶಿಗಳೂ ಅಂಗಡಿಯ ಮಾಲೀಕರೂ ಆದ ಟೈರ್ ಮಾಮ. ಹಾಸ್ಟೆಲಿನಲ್ಲಿ ನಾನು ಬರೆದದ್ದೆಲ್ಲ ರಜೆ ಕೋರುವ ಪತ್ರಗಳು, ಅವುಗಳಲ್ಲೂ ಹೊಟ್ಟೆನೋವಿಗಿಂತ ಆಳವಾದ ಕಾರಣ ಕೊಟ್ಟವಳಲ್ಲ. ಆದ್ದರಿಂದ ತಪ್ಪಿದ್ದರೆ ಫಸ್ಟ್ ಇಯರ್ ಹುಡುಗಿಯೆಂದು ಪ್ಲೀಸ್ ಅಡ್ಜಸ್ಟ್ ಮಾಡಿಕೊಳ್ಳಬೇಕು.

ಮೊದಲು ನಮ್ಮ ಮನೆಯ ಹಿನ್ನೆಲೆ. ಅಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುವವರು, ಈ ಊರಿನವರೇ. ಅಮ್ಮ ಕೆಲಸ ಹುಡುಕಿಕೊಂಡು ಗಡಿಯಾಚೆಯಿಂದ ಬಂದು, ಡಬ್ಬಿಗೆ ಮುಚ್ಚಳ ಹಾಕುವ ಕಾರ್ಖಾನೆಯಲ್ಲಿ ನಿಂತವರು. ಇಬ್ಬರೂ ಪರಿಚಯವಾದದ್ದು ತಮ್ಮ ಪಕ್ಷದ ಮೆರವಣಿಗೆಯಲ್ಲಿ, "ಕೂಲಿ ಹೆಚ್ಚಿಸಿ" ಎಂಬ ಬ್ಯಾನರಿನ ಎರಡು ಕೋಲುಗಳನ್ನು ಹಿಡಿದು. ಹೀಗಾಗಿ ನಾನು ಒಂದರ್ಥದಲ್ಲಿ ತಮ್ಮ ಪಕ್ಷದ ಉತ್ಪನ್ನ. ಗ್ಯಾರಂಟಿ ಕಾರ್ಡ್ ಮಾತ್ರ ಸಿಕ್ಕಿಲ್ಲ.

ತಾವು ಬಣಗಳಾದ ಮೇಲೆ ನಾವೂ ಆದೆವು. ಹೊರಗಿನವರು ಬರುವುದು ನಿಂತರೆ ಕೂಲಿ ತಾನಾಗಿ ಏರುತ್ತದೆ ಎನ್ನುವ ಬಣಕ್ಕೆ ಅಪ್ಪ ಸೇರಿದರು, ಎಲ್ಲಿಂದ ಬಂದರೇನು ಕೆಲಸಕ್ಕೆ ತಕ್ಕ ಕೂಲಿ ಕೊಡಿ ಎನ್ನುವ ಬಣಕ್ಕೆ ಅಮ್ಮ. ಅಂದಿನಿಂದ ಮನೆಯಲ್ಲಿ ಊಟಕ್ಕೆ ಎರಡು ಪಾಳಿ. ನಾನು ನ್ಯೂಟ್ರಲ್ ಆದ್ದರಿಂದ ಎರಡರಲ್ಲೂ ಕೂತು ದಪ್ಪಗಾದೆ. "ಕೂಲಿ ಸಾಲದಿದ್ರೆ ಬಿಡು, ಲಾರೀಲಿ ಹೊರಗಿನ ಜನ ಬಂದಿದ್ದಾರೆ ಅಂತಾನೆ ಕಂಟ್ರಾಕ್ಟರ್. ನಾನೇನು ಮಾಡ್ಲಿ?" ಎಂದು ಅಪ್ಪ ಗೋಡೆಗೆ ಹೇಳುವರು. "ಆ ಲಾರೀಲಿ ಬಂದೋಳೇ ನಾನು. ಮೆರವಣಿಗೇಲಿ ಇನ್ನೊಂದು ಕೋಲು ಹಿಡ್ಕೊಂಡಿದ್ದು ಯಾರೋ" ಎಂದು ಅಮ್ಮ ಪಾತ್ರೆಗೆ ಹೇಳುವರು. ಅಪ್ಪನ ತಾಯಿಯಾದ ನನ್ನ ಅಜ್ಜಿಯಂತೂ, "ಹೊರಗಿನವರು ಬೇಡ ಅಂತ ನಾನು ಮದುವೆ ದಿನಾನೇ ಅಂದಿದ್ದೆ, ಆಗ ಯಾವ ಪಾರ್ಟೀನೂ ನನ್ನ ಹಿಂದೆ ಬರಲಿಲ್ಲ" ಎನ್ನುತ್ತ, ಅಮ್ಮನೇ ತಂದುಕೊಟ್ಟ ಮಾತ್ರೆ ನುಂಗುವರು.

ಇದನ್ನೆಲ್ಲ ನಗುತ್ತ ನೋಡಬಹುದಿತ್ತು, ಚಿಕ್ಕಮ್ಮ ಇಲ್ಲದಿದ್ದರೆ. ಅಮ್ಮನ ತಂಗಿಯಾದ ಅವರು ಈಚೆಗೆ ಬಂದು ನಮ್ಮ ಮನೆಯಲ್ಲೇ ಇದ್ದುಕೊಂಡು, ಅಮ್ಮನ ಪಕ್ಕದಲ್ಲೇ ನಿಂತು ಮುಚ್ಚಳ ಹಾಕುತ್ತಾರೆ. ಅಪ್ಪನ ಬಣ ಗೆದ್ದರೆ ಮೊದಲು ಗಂಟುಮೂಟೆ ಕಟ್ಟಬೇಕಾದವರು ಅವರೇ. ಹಾಗೆಂದು ಅಪ್ಪನಿಗೆ ನೆನಪಿಸಿದರೆ, "ಅವಳ್ಯಾಕೆ ಹೊರಗಿನೋಳಾಗ್ತಾಳೆ? ನನ್ನ ನಾದಿನಿ ಕಣೇ!" ಎಂದು ರೇಗುವರು. ಇಂಥ ವಿನಾಯಿತಿ ತಮ್ಮ ಪ್ರಣಾಳಿಕೆಯಲ್ಲಿ ಎಲ್ಲಿದೆಯೆಂದು ನಾನು ಹುಡುಕಿದೆ, ಸಿಗಲಿಲ್ಲ.

ಆದರೂ ಬದುಕು ಸಾಗಿತ್ತು, ಏಕೆಂದರೆ ನಮ್ಮ ಶಾಖೆಯ ಪದ್ಧತಿಯೇ ಹಾಗಿತ್ತು. ನಿರ್ಣಯಕ್ಕೆ ಕೈ ಎತ್ತಬೇಕು, ಎರಡೂ ಕಡೆ ಸಮವಾದರೆ ಮುಂದಿನ ವಾರಕ್ಕೆ. ನಮ್ಮಲ್ಲಿ ಸದಾ ಸಮವೇ. "ಸಮ. ಮುಂದಕ್ಕೆ. ಟೀ ತನ್ನಿ" ಎಂದು ಟೈರ್ ಮಾಮ ಮುಗಿಸುವರು, ಯಾರೂ ಯಾರನ್ನೂ ಎಲ್ಲಿಗೂ ಕಳಿಸದೆ ಮನೆಗೆ ಬರುವರು. ಅಂಥ ಸುಖದ ಕಾಲದಲ್ಲಿ ನನಗೆ ವಯಸ್ಸು ತುಂಬಿತು, ತಮ್ಮ ಸದಸ್ಯತ್ವದ ಕಾರ್ಡ್ ಬಂತು, ನನ್ನ ಒಂದು ಕೈ ಹೆಚ್ಚಾಗಿ ಸಮ ಎಂಬುದು ಅಂದೇ ಸತ್ತಿತು. ಅಪ್ಪ ಕೇಳದೆಯೇ ನನ್ನ ಸೈಕಲ್ ಒರೆಸತೊಡಗಿದರು. ಅಮ್ಮ ನನ್ನ ಕಾಲುಚೀಲಕ್ಕೂ ಇಸ್ತ್ರಿ ಹಾಕಿದರು. ಚಿಕ್ಕಮ್ಮ ಏನನ್ನೂ ಕೇಳದೆ ಬೆಳಿಗ್ಗೆ ನನ್ನ ನೀರಿನ ಬಾಟಲಿ ತುಂಬಿಡುತ್ತಿದ್ದರು, ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ. ಮಾನ್ಯರೇ, ನಾನು ಪರೀಕ್ಷೆಯಲ್ಲಿ ಅಡಿಷನಲ್ ಶೀಟಿಗೂ ಕೈ ಎತ್ತದೆ, ಅಂಚಿನಲ್ಲೇ ಚಿಕ್ಕದಾಗಿ ಬರೆದು ಮುಗಿಸುವವಳು. ಹಾಸ್ಟೆಲಿನಲ್ಲಿ ಎಲ್ಲವನ್ನೂ ವಾರ್ಡನ್ ತೀರ್ಮಾನಿಸುತ್ತಿದ್ದರು, ನಾವು ಒಟ್ಟಾಗಿ ಅವರನ್ನು ಬೈದುಕೊಂಡು ಮಲಗುತ್ತಿದ್ದೆವು.

ಆ ಟೆನ್ಷನ್ನಿನಲ್ಲೇ ತಮ್ಮ ಮಹಾ ಸುತ್ತೋಲೆ ಬಂತು. ಎರಡು ಬಣಗಳನ್ನೂ ಮೆಚ್ಚಿಸುವಂತೆ ತಾವು ಹೊಸೆದ ಆ ಸಾಲಿನ ಸೊಗಸನ್ನು ಎಷ್ಟು ಹೊಗಳಿದರೂ ಕಡಿಮೆ: ಹೊರಗಿನವರು ಬರಕೂಡದು, ಬಂದವರಿಗೆ ಸಮಾನ ಕೂಲಿ ಸಲ್ಲಬೇಕು. ಅದನ್ನು ನಮಗಿಂತ ಮೊದಲು ಓದಿದವರು ಮಾಲೀಕರು. ಅಪ್ಪನ ಕಂಟ್ರಾಕ್ಟರ್ ಮರುದಿನವೇ ಎಲ್ಲರನ್ನೂ ಸಮಾನ ಮಾಡಿದ, ಊರಿನವರ ಕೂಲಿಯನ್ನು ಹೊರಗಿನವರ ಮಟ್ಟಕ್ಕೆ ಇಳಿಸಿ. ಚಿಕ್ಕಮ್ಮ ಸಮಾನ ಕೂಲಿ ಕೇಳಿದರೆ ಕಾರ್ಖಾನೆಯ ಮ್ಯಾನೇಜರ್, "ಸುತ್ತೋಲೆ ಪ್ರಕಾರ ನೀನು ಬರಲೇಬಾರದಿತ್ತು. ಅಂದ್ಮೇಲೆ ನೀನು ಬಂದಿಲ್ಲ. ಬಾರದೋಳಿಗೆ ಕೂಲಿ ಹೇಗಮ್ಮ ಹೆಚ್ಚಿಸ್ಲಿ?" ಎಂದ. "ಹಾಗಾದ್ರೆ ಸರಿ ಸಾರ್, ಬಾರದೋಳು ಹೋಗ್ತೀನಿ, ಮುಚ್ಚಳ ಸುತ್ತೋಲೆ ಹಾಕುತ್ತೆ" ಎಂದು ಚಿಕ್ಕಮ್ಮ ಏಪ್ರನ್ ಬಿಚ್ಚಿಟ್ಟು ಮನೆಗೆ ನಡೆದರು.

ಅಂದು ಅಪ್ಪ ಮೊದಲ ಪಾಳಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತರು, ತಿನ್ನಲಿಲ್ಲ. ಎರಡನೆಯ ಪಾಳಿ ಬಂದಾಗಲೂ ಎದ್ದಿರಲಿಲ್ಲ. "ಇಷ್ಟು ದಿನ ಲಾರೀಲಿ ಬಂದೋರನ್ನೇ ನೋಡ್ತಿದ್ದೆ ಕಣೇ, ಲಾರಿ ಕಳಿಸ್ದೋನ ಕಡೆ ತಿರುಗಿ ನೋಡ್ಲಿಲ್ಲ" ಎಂದು ಈ ಸಲ ಗೋಡೆಗಲ್ಲ, ಅಮ್ಮನಿಗೇ ಹೇಳಿದರು. "ಮೊದಲು ಉಣ್ಣಿ, ಆಮೇಲೆ ನೋಡೋಣ" ಎಂದರು ಅಮ್ಮ.

ಮುಂದಿನ ಸಭೆಯಲ್ಲಿ ಸುತ್ತೋಲೆ ಒಪ್ಪದವರು ಕೈ ಎತ್ತಿ ಎಂದಾಗ ಅಪ್ಪನ ಕೈಯೂ ಅಮ್ಮನ ಕೈಯೂ ಒಟ್ಟಿಗೆ ಮೇಲೆದ್ದವು. ಇಬ್ಬರೂ ಪರಸ್ಪರರ ಕೈಯನ್ನು, ಇದು ಯಾರದಪ್ಪ ಎಂಬಂತೆ ನೋಡಿದರು. ಉಳಿದವರದೂ ಎದ್ದವು. ನಾನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಟೈರ್ ಮಾಮ ಎಣಿಸಿ ಮುಗಿಸಿದ್ದರು. ಗಾಬರಿಯಲ್ಲಿ ಅವರು ಟೀ ಹೇಳುವುದನ್ನೂ ಮರೆತರು. ಇದೇ ನಮ್ಮ ಅಪರಾಧ.

ತಮ್ಮ ನೋಟಿಸಿನ ಮೇಲೆ ಗೌರವವಿಟ್ಟು ನಾವು ಪ್ರಾಮಾಣಿಕವಾಗಿ ಪ್ರಯತ್ನಿಸಿದೆವು. ಅಪ್ಪ ಅಮ್ಮನನ್ನು ಎದುರುಬದುರು ಕೂರಿಸಿ, ಶಾಖೆ ಉಳಿಯಬೇಕಾದರೆ ದಯವಿಟ್ಟು ಜಗಳವಾಡಿ ಎಂದು ಬೇಡಿಕೊಂಡೆ. ಅಪ್ಪ "ಹೊರಗಿನವರು" ಎಂದು ಶುರುಮಾಡಿ ಮುಂದಿನದು ಮರೆತರು, ಅಮ್ಮನೇ ಆ ಸಾಲನ್ನು ನೆನಪಿಸಿಕೊಟ್ಟರು, ಚಿಕ್ಕಮ್ಮ ನಕ್ಕರು, ಎಲ್ಲ ಕೆಟ್ಟಿತು. ಈಗ ಊಟ ಒಂದೇ ಪಾಳಿ. ಅದನ್ನು ಮತ್ತೆ ಎರಡು ಮಾಡಲು ನನ್ನಿಂದ ಸಾಧ್ಯವಿಲ್ಲ, ಶಾಖೆ ಮುಚ್ಚಿದರೂ ಸಾಧ್ಯವಿಲ್ಲ, ಸಾರಿ.

ಆದಕಾರಣ ಕೇಂದ್ರ ಕಚೇರಿಯಿಂದ ನುರಿತ ಜಗಳಗಾರರೊಬ್ಬರನ್ನು ನಮ್ಮ ಮನೆಗೆ ಕಾಯಂ ಆಗಿ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಅಜ್ಜಿಯ ಮಂಚದ ಪಕ್ಕ ಜಾಗವಿದೆ, ಅವರಿಬ್ಬರಿಗೂ ಹೊಂದುತ್ತದೆ. ಬರುವವರು ಊರಿನವರೇ ಆಗಲಿ ಎಂದು ಅಪ್ಪನೂ, ಎಲ್ಲಿಯವರಾದರೂ ಪೂರ್ತಿ ಕೂಲಿ ಕೊಟ್ಟು ಕಳಿಸಲಿ ಎಂದು ಅಮ್ಮನೂ ಹೇಳುತ್ತಾರೆ. ನಮ್ಮಲ್ಲಿ ಉಳಿದಿರುವ ಭಿನ್ನಾಭಿಪ್ರಾಯ ಸದ್ಯಕ್ಕೆ ಇಷ್ಟೇ. ತಮಗೆ ಸಾಕಾಗುವಂತಿದ್ದರೆ ದಯವಿಟ್ಟು ಸ್ವೀಕರಿಸಬೇಕು.

ಕೆಳಗಿನಂತೆ ಸಹಿ ಹಾಕಬೇಡವೆಂದು ಮನೆಯವರೆಲ್ಲ ಒಮ್ಮತದಿಂದ ಹೇಳಿದರೂ, ಬರೀ ಹಾಸ್ಟೆಲಿನ ಅಭ್ಯಾಸಬಲದಿಂದ,

ತಮ್ಮ ವಿಶ್ವಾಸಿ,
ಅತಿ ಹೊಸ ಸದಸ್ಯೆ

ವಿ.ಸೂ.: ತಮ್ಮ ಕಚೇರಿಯ ಮುಂಗೋಡೆಗೆ ಬಣ್ಣ ಹೊಡೆಯುತ್ತಿದ್ದವರು ಅಪ್ಪ ಮತ್ತು ಲಾರಿಯಲ್ಲಿ ಬಂದ ಅವರ ಜೊತೆಗಾರರು. ಅರ್ಧ ಹೊಸದು, ಅರ್ಧ ಹಳೆಯದು, ಪಕ್ಷಕ್ಕೆ ಒಪ್ಪುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದ್ದಾರೆ. ಭಾನುವಾರ ಎಲ್ಲರೂ ತಮ್ಮ ಮೆಟ್ಟಿಲ ಮೇಲೇ ಕೂರುತ್ತೇವೆ. ಹಳೆಯ ಬ್ಯಾನರ್ ಅಟ್ಟದಲ್ಲಿ ಸಿಕ್ಕಿದೆ, ಒಂದು ಕೋಲು ಅಪ್ಪನಿಗೆ, ಒಂದು ಅಮ್ಮನಿಗೆ. ಬಟ್ಟೆ ಹಳತಾಗಿ ನಡುವೆ ಜೋಲುವುದರಿಂದ ಅಲ್ಲಿ ಎತ್ತಿ ಹಿಡಿಯಲು ನನ್ನ ಕೈ ಬೇಕಂತೆ. ನಾನು ಕೈ ಎತ್ತುತ್ತಿರುವುದು ಇದೇ ಮೊದಲು. ದಯವಿಟ್ಟು ಕಿಟಕಿಗೆ ಬಂದು ಎಣಿಸಿಕೊಳ್ಳಬೇಕು.